ಮೊದಲು ತೊಳೆಯಿರಿ, ಆಮೇಲೆ ಬೆವರಿಳಿಸಿ: ವಾರದ ಬಿಸಿ ಸ್ನಾನಕ್ಕೆ ಮಾಡಬೇಕಾದ್ದು, ಮಾಡಬಾರದ್ದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಗಳವರು ಗಮನಿಸಬೇಕು.

ವಾರಕ್ಕೊಂದು ದಿನ ಮೈಗೆಲ್ಲ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದುಕೊಂಡು, ಕಂಬಳಿ ಹೊದ್ದು ಬೆವರಿಳಿಸುವ ರೂಢಿ ನಮ್ಮ ಸೀಮೆಗೆ ಹೊಸದೇನಲ್ಲ. ಗಂಡಸರಿಗೆ ಶನಿವಾರ, ಹೆಂಗಸರಿಗೆ ಶುಕ್ರವಾರ ಅಂತ ದಿನವೇ ಗೊತ್ತಾಗಿತ್ತು. ಬಚ್ಚಲೊಲೆ ಹೋಗಿ ಗೀಸರ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅದು ದೀಪಾವಳಿಯ ಒಂದು ಬೆಳಗಿಗೆ ಬಂದು ನಿಂತಿದೆ. ಈಗ ಪೇಟೆಯಿಂದ ಸೌನಾ, ಅಂದರೆ ಕಾದ ಕೋಣೆಯಲ್ಲಿ ಕೂತು ಬೆವರುವುದು, ಎನ್ನುವ ಮಾತು ಬಂದಿದೆ. ಮಡಚಿಡುವ ಡೇರೆ, ಕರೆಂಟಿನ ಉಗಿಪಾತ್ರೆ ಮನೆ ಬಾಗಿಲಿಗೇ ಬರುತ್ತವೆ. ಇನ್ನು ಕೆಲವರು ಹೊಲದ ಬದಿಯ, ಸೊಪ್ಪು ಒಣಗಿಸುವ ಬ್ಯಾರನ್ ತೋರಿಸಿ, ‘ನಮ್ಮಲ್ಲೇ ಇದೆಯಲ್ಲ ಸೌನಾ’ ಅನ್ನುತ್ತಾರೆ. ಈ ಕೊನೆಯ ಮಾತು ಕೇಳಿದ ಮೇಲೆ ಸುಮ್ಮನಿರುವುದು ತಪ್ಪು ಅನಿಸಿ ಇದನ್ನು ಬರೆದಿದ್ದೇನೆ.

ಬ್ಯಾರನ್ ಒಳಗೆ ಬೆವರಲು ಕೂರಬೇಡಿ. ಸೊಪ್ಪು ಇಳಿಸಿದ ಮೇಲೂ ಬೇಡ, ಒಲೆ ಆರಿದ ಮೇಲೂ ಬೇಡ, ಐದೇ ನಿಮಿಷಕ್ಕೂ ಬೇಡ.

ಥರ್ಮಾಮೀಟರ್ ನೋಡಿದರೆ ಎರಡೂ ಒಂದೇ ಅನಿಸುವುದು ನಿಜ. ಸೊಪ್ಪಿನ ದಂಟು ಒಣಗಿಸುವ ಕೊನೆಯ ಹಂತದಲ್ಲಿ ಬ್ಯಾರನ್ ಕಾವು 70 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಫಿನ್ಲೆಂಡಿನ ಸೌನಾ ಸಾಮಾನ್ಯವಾಗಿ 70ರಿಂದ 90 ಡಿಗ್ರಿ. ಅಲ್ಲಿನವರೂ ಹಿಂದೆ ಸೌನಾ ಗುಡಿಸಲಲ್ಲೇ ಮಾಲ್ಟ್ ಒಣಗಿಸಿ, ಮಾಂಸಕ್ಕೆ ಹೊಗೆ ಹಾಕಿ, ಅದೇ ಜಾಗದಲ್ಲಿ ಸ್ನಾನವನ್ನೂ ಮಾಡಿದವರು. ಆದರೆ ಅವರು ಒಣಗಿಸಿದ್ದು ಕಾಳು. ನಮ್ಮ ಬ್ಯಾರನ್‌ನ ಗೋಡೆಗೆ, ಗಳಕ್ಕೆ, ನೆಲದ ಧೂಳಿಗೆ ಹತ್ತಿರುವುದು ಹೊಗೆಸೊಪ್ಪಿನ ಜಿಗುಟು. ಅದರಲ್ಲಿ ನಿಕೋಟಿನ್ ಇದೆ. ಜೊತೆಗೆ ಒಲೆಯ ಹೊಗೆ ಹೋಗುವ ತಗಡಿನ ಕೊಳವೆ ಒಂದು ಕಡೆ ಬಿರುಕು ಬಿಟ್ಟಿದ್ದರೂ ಇಂಗಾಲದ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ.

ನಿಕೋಟಿನ್ ಬೀಡಿ ಸೇದಿದವರಿಗೆ ಮಾತ್ರ ಅಂತ ತಿಳಿಯಬೇಡಿ. ಅದು ನೀರಿನಲ್ಲಿ ಕರಗಿ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ಜುಲೈ, ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ನೆಂದ ಸೊಪ್ಪು ಮುರಿದು, ಕಂಕುಳಲ್ಲಿ ಒತ್ತಿ ಹೊತ್ತು ತಂದವರಿಗೆ ಸಂಜೆ ತಲೆ ಸುತ್ತುವುದು, ವಾಕರಿಕೆ, ವಾಂತಿ, ಕೈಕಾಲು ಸೋಲುವುದು ಇದರಿಂದಲೇ. ಜಗತ್ತಿನಾದ್ಯಂತ ಹೊಗೆಸೊಪ್ಪು ಬೆಳೆಯುವ ಕಡೆ ವೈದ್ಯರು ಇದನ್ನು ಹಸಿ ತಂಬಾಕಿನ ಕಾಯಿಲೆ ಎಂದು ಗುರುತಿಸಿದ್ದಾರೆ. ನಮ್ಮಲ್ಲಿ ‘ಪಿತ್ತ ಕೆದರಿದೆ’ ಅನ್ನುತ್ತೇವೆ. ಪಿತ್ತಕ್ಕೆ ಮನೆಮದ್ದು ಯಾವುದು? ತಲೆಗೆ ಹರಳೆಣ್ಣೆ ಒತ್ತಿ ಸುಡುಸುಡು ನೀರು ಹೊಯ್ಯುವುದು. ಸೊಪ್ಪಿನ ಜಿಗುಟು ಮೈಮೇಲಿರುವಾಗ ಮಾಡಲೇಬಾರದ ಕೆಲಸ ಅದು. ಕಾವು ಬಿದ್ದರೆ ಚರ್ಮಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ಚರ್ಮದ ಮೇಲಿದ್ದದ್ದು ಬೇಗ ಒಳಗೆ ಸೇರುತ್ತದೆ. ಸೇದುವ ಚಟ ಬಿಡಲು ಬಳಸುವ ನಿಕೋಟಿನ್ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿಕೊಂಡು ಸೌನಾದಲ್ಲಿ ಕೂತವರ ರಕ್ತದಲ್ಲಿ ನಿಕೋಟಿನ್ ಮಟ್ಟ ಏರಿದ್ದನ್ನು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಮ್ಮವರು ಪಟ್ಟಿ ಅಂಟಿಸಿಕೊಂಡಿಲ್ಲ. ಮೊಣಕೈವರೆಗೂ ಸೊಪ್ಪನ್ನೇ ಮೆತ್ತಿಕೊಂಡಿರುತ್ತಾರೆ.

ಮಾಡಬೇಕಾದ್ದು

ಹೊಲದಿಂದ ಬಂದ ಕೂಡಲೇ ಸೊಪ್ಪಿನ ಬಟ್ಟೆ ಹೊರಗೇ ಬಿಚ್ಚಬೇಕು. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಚ್ಚಿ ಕೈ, ತೋಳು, ಕತ್ತು, ಕಂಕುಳು, ಕಾಲು ತಿಕ್ಕಿ ತೊಳೆಯಬೇಕು. ಸೀಗೆಪುಡಿ ತಲೆಗೆ ಇರಲಿ, ಜಿಗುಟಿಗೆ ಸೋಪೇ ಬೇಕು. ಉಗುರಿನ ಸಂದಿ ಮರೆಯಬೇಡಿ. ಈ ತೊಳೆತ ಸೊಪ್ಪು ಮುರಿದ, ಕಡ್ಡಿಗೆ ಕಟ್ಟಿದ ಪ್ರತಿ ದಿನವೂ ಆಗಬೇಕು. ಕೂಲಿಗೆ ಬಂದ ಹೆಂಗಸರಿಗೂ ನೀರು, ಸೋಪು ಇಟ್ಟು ತೊಳೆಸಿ ಕಳಿಸಬೇಕಾದ್ದು ಹೊಲದವರ ಹೊಣೆ. ಬಿಚ್ಚಿದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಹಾಕಬಾರದು.

ಬಿಸಿ ಸ್ನಾನಕ್ಕೆ ದಿನ ಗೊತ್ತುಮಾಡಿಕೊಳ್ಳಿ, ಆ ದಿನ ಸೊಪ್ಪು ಮುರಿಯದ ದಿನವಾಗಿರಲಿ. ಬ್ಯಾರನ್ ಕಾಯಲು ರಾತ್ರಿಯಿಡೀ ಕೂತವರು ಬೆಳಿಗ್ಗೆ ಬಂದು ನೇರ ಹಂಡೆ ಮುಂದೆ ಕೂರುವುದು ಬೇಡ. ಮೊದಲು ಉಂಡು ನಿದ್ದೆ ಮಾಡಿ, ಸಂಜೆಗೆ ಇಟ್ಟುಕೊಳ್ಳಿ. ಹಂಗಾಮಿನ ತಿಂಗಳಲ್ಲಿ ವಾರ ತಪ್ಪಿದರೆ ಚಿಂತೆಯಿಲ್ಲ. ನವೆಂಬರ್ ಚಳಿ ಹಿಡಿದ ಮೇಲೆ ತಪ್ಪಿಸಬೇಡಿ, ಆಗಲೇ ಅದು ರೂಢಿಯಾಗಿ ನಿಲ್ಲುವುದು.

ಮನೆಯಲ್ಲಿ ಸರದಿ ಇರಲಿ. ನೀರು ಕುದಿಯುವ ಮೊದಲೇ ಮಕ್ಕಳದ್ದು ಮುಗಿಯಲಿ. ಆಮೇಲೆ ತಾತ, ಅಜ್ಜಿ. ಅವರು ಸ್ನಾನಕ್ಕೆ ಹೋದಾಗ ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ, ಹೊರಗೆ ಒಬ್ಬರು ಕಿವಿಗೊಟ್ಟು ಕೂತಿರಲಿ. ಗಟ್ಟಿಮುಟ್ಟಾದವರು ಕೊನೆಗೆ. ಹಂಡೆಯಿಂದ ತೋಡಿದ ನೀರು ನೇರ ಮೈಮೇಲೆ ಬೀಳಬಾರದು. ಬಕೆಟ್ಟಿಗೆ ಮೊದಲು ತಣ್ಣೀರು, ಅದರ ಮೇಲೆ ಬಿಸಿನೀರು. ಮೊಣಕೈ ಅದ್ದಿ ನೋಡಿ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಕೆಲವು ಸೆಕೆಂಡುಗಳಲ್ಲಿ ಸುಡುತ್ತದೆ. ಮಗುವಿಗೆ ಅಷ್ಟು ಹೊತ್ತೂ ಬೇಡ. ಮಕ್ಕಳಿಗೆ 37-38 ಡಿಗ್ರಿ ಸಾಕು, ಮೈ ಬಿಸಿಗಿಂತ ಹೆಚ್ಚೇನಿಲ್ಲ.

ಕಂಬಳಿ ಹೊದ್ದು ಮಲಗುವುದು ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಮುಖ ಮುಚ್ಚಬೇಡಿ. ಎದ್ದಾಗ ಮೊದಲು ಕೂರಿ, ಆಮೇಲೆ ನಿಲ್ಲಿ. ಬಿಪಿ ಮಾತ್ರೆ ತಿನ್ನುವವರು ಈ ಮಾತನ್ನು ಬಿಡಲೇಬಾರದು. ಬೆವರಾಗಿ ಹೋದ ನೀರು ಹಿಂದಕ್ಕೆ ಬರಬೇಕು: ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ಮೆಣಸಿನ ಸಾರು, ಬರೀ ನೀರಾದರೂ ಸರಿ.

ಮಾಡಬಾರದ್ದು

ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಕೂರಿಸಬಾರದು. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಅದು ಉರಿಯುತ್ತಾ ಹೋದಂತೆ ಗಾಳಿಯಲ್ಲಿ ಆಮ್ಲಜನಕ ಇಳಿಯುತ್ತದೆ, ಮಾನಾಕ್ಸೈಡ್ ಏರುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಒಳಗಿರುವವರಿಗೆ ಉಸಿರು ಕಟ್ಟಿದ ಹಾಗೆ ಅನಿಸುವುದಿಲ್ಲ. ತಲೆ ಭಾರವಾಗುತ್ತದೆ, ಕಾಲು ಸೋಲುತ್ತದೆ, ಕೂತಲ್ಲೇ ಕುಸಿಯುತ್ತಾರೆ. ಸಿಲಿಂಡರಾಗಲಿ ಗೀಸರಾಗಲಿ ಹೊರಗೋಡೆಗೆ ಇರಲಿ, ನೀರು ಮಾತ್ರ ಒಳಗೆ ಬರಲಿ.

ಸೌದೆ ಒಲೆಗೂ ಇದೇ ಮಾತು. ಬಾಣಂತಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಂಡದ ಬೋಗುಣಿ ಇಡುವುದನ್ನು ನಿಲ್ಲಿಸಿ. ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಹಾಕುವುದಾದರೆ ಪಡಸಾಲೆಯಲ್ಲಿ, ಬಾಗಿಲು ತೆರೆದು, ಮಗುವನ್ನು ದೂರ ಇಟ್ಟು. ‘ಅವ್ವನ ಕಾಲದಿಂದ ಬಂದದ್ದು’ ಎಂದು ವಾದಿಸುವವರಿಗೆ ಒಂದು ಮಾತು: ಅವ್ವನ ಮನೆಗೆ ನಾಡಹೆಂಚಿನ ಮಾಡಿತ್ತು, ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ನಿಮ್ಮದು ಆರ್‌ಸಿಸಿ.

ಒಣಗಿದ ಹೊಗೆಸೊಪ್ಪಿನ ಗಿಡದ ಕಡ್ಡಿಯನ್ನು ಬಚ್ಚಲೊಲೆಗೆ ಹಾಕಬಾರದು. ಪ್ಲಾಸ್ಟಿಕ್, ಗೊಬ್ಬರದ ಚೀಲ ಹಾಕಬಾರದು. ಔಷಧಿ ಬಂದ ಡ್ರಮ್ಮು ಎಷ್ಟೇ ತೊಳೆದಿದ್ದರೂ ಸ್ನಾನದ ನೀರಿಗೆ ಅಲ್ಲ. ಕಾಯಿಲ್ ಹಾಕಿ ನೀರು ಕಾಯಿಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಕೂಸಿಗೆ ಎಣ್ಣೆ ನೀವಿ. ಸುಡುನೀರು, ಉಗಿ, ಕಂಬಳಿಯ ಬೆವರು ಬೇಡ. ಬಸುರಿಯರಿಗೆ, ಮುಖ್ಯವಾಗಿ ಮೊದಲ ಮೂರು ತಿಂಗಳು, ಮೈ ಕಾಯುವಷ್ಟು ಬಿಸಿ ಬೇಡ. ಎದೆನೋವು ಇದ್ದವರು, ಜ್ವರದವರು, ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ತಿಳಿಯದವರು ಡಾಕ್ಟರನ್ನು ಕೇಳದೆ ಕೂರಬಾರದು. ಕುಡಿದು ಬಂದವನನ್ನು ಹಂಡೆಯ ಹತ್ತಿರವೂ ಬಿಡಬಾರದು. ಸೌನಾ ನಾಡಾದ ಫಿನ್ಲೆಂಡಿನಲ್ಲೇ ಸೌನಾ ಸಾವುಗಳ ಹಿಂದೆ ಬಹಳ ಸಲ ಹೆಂಡವಿರುತ್ತದೆ.

ಫಿನ್ಲೆಂಡಿನವರು ಬೆವರಿ ಕೆರೆಗೆ ಧುಮುಕುವ ವಿಡಿಯೋ ನೋಡಿ ಇಲ್ಲಿ ಅನುಕರಿಸಬೇಡಿ. ಲಕ್ಷ್ಮಣತೀರ್ಥದ ಮಡು, ಚುಂಚನಕಟ್ಟೆಯ ಬಂಡೆ, ತುಂಬಿ ಹರಿಯುವ ನಾಲೆ ಯಾವುದೂ ಬಿಸಿ ಮೈಗೆ ಹೇಳಿದ ಜಾಗವಲ್ಲ. ಕಬಿನಿ ಹಿನ್ನೀರಿನಲ್ಲಿ ಮೊಸಳೆ ಇವೆ.

ಬೆವರಿನಲ್ಲಿ ವಿಷವೆಲ್ಲ ಹೋಗುತ್ತದೆ ಎಂದು ಡೇರೆ ಮಾರುವವರ ಮಾತು ನಂಬಬೇಡಿ. ನಿಕೋಟಿನ್ನನ್ನು ಒಡೆಯುವುದು ಯಕೃತ್ತು, ಹೊರಹಾಕುವುದು ಮೂತ್ರಪಿಂಡ. ಪೂರ್ವ ಫಿನ್ಲೆಂಡಿನ ಸುಮಾರು 2,300 ಗಂಡಸರನ್ನು ಎರಡು ದಶಕ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಸಲ ಸೌನಾ ಮಾಡುವವರಲ್ಲಿ ಹೃದಯದ ಸಾವು ಕಡಿಮೆ ಕಂಡದ್ದು ನಿಜ. ಆದರೆ ಅದು ಅಲ್ಲಿನ ಗಂಡಸರ ಲೆಕ್ಕ. ಅದನ್ನು ನಮ್ಮ ಹಂಡೆನೀರಿಗೆ ಹಾಗೇ ಅಂಟಿಸಿ ಬಿಪಿ ಮಾತ್ರೆ ಬಿಡಬೇಡಿ. ಮೈ ಹಗುರಾಗುವುದು, ಕೀಲು ಸಡಿಲಾಗುವುದು, ಒಳ್ಳೆ ನಿದ್ದೆ ಬರುವುದು, ವಾರಕ್ಕೊಮ್ಮೆ ಮನೆಮಂದಿ ಒಬ್ಬರ ಬೆನ್ನು ಒಬ್ಬರು ಉಜ್ಜುವುದು: ಇದಕ್ಕಿಂತ ದೊಡ್ಡ ಲಾಭ ಹುಡುಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ಸೊಪ್ಪಿನ ಕೆಲಸ ಮಾಡಿದ ದಿನ ತಲೆ ಸುತ್ತಿ ವಾಂತಿಯಾದವರನ್ನು ಮೊದಲು ತೊಳೆಸಿ, ನೆರಳಲ್ಲಿ ಮಲಗಿಸಿ, ನೀರು ಕುಡಿಸಿ. ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ದು, ಸೊಪ್ಪು ಮುರಿದದ್ದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬಚ್ಚಲಲ್ಲಿ ಕುಸಿದವರು ಕಂಡರೆ ಮೊದಲು ಬಾಗಿಲು ತೆರೆದು ಹೊರಗಿನ ಗಾಳಿಗೆ ಎಳೆದು ತನ್ನಿ, ಗ್ಯಾಸ್ ಆರಿಸಿ, 108ಕ್ಕೆ ಫೋನ್ ಮಾಡಿ.

ಮಳೆಗಾಳಿ ಬರುತ್ತದೆಂದು ಬಚ್ಚಲ ಕಿಂಡಿಗೆ ಗೋಣಿತಾಟು ತುರುಕಿರುತ್ತೀರಿ. ಈ ಶನಿವಾರ ಒಲೆ ಹಚ್ಚುವ ಮುಂಚೆ ಅದನ್ನು ಕಿತ್ತು ಹಾಕಿ.