ಉಂಗುರಬೆರಳು ಯಾಕ ಏಳವಲ್ದು?

ಮೊದಲು ಒಂದು ಪ್ರಯೋಗ ಮಾಡಿರಿ. ಈ ಪತ್ರಿಕೆಯ ಪಕ್ಕದ ಗೋಡೆಗೆ ಬಲ ಅಂಗೈ ಹಚ್ಚಿರಿ. ನಡುಬೆರಳನ್ನು ಮಾತ್ರ ಒಳಗೆ ಮಡಚಿ, ಅದರ ಬೆನ್ನು ಗೋಡೆಗೆ ತಾಗುವಂತೆ ಇಡಿರಿ. ಉಳಿದ ಬೆರಳುಗಳ ತುದಿ ಗೋಡೆಯ ಮೇಲೇ ಇರಲಿ. ಈಗ ಒಂದೊಂದೇ ಬೆರಳು ಎತ್ತಿರಿ. ಹೆಬ್ಬೆರಳು ಏಳ್ತೈತಿ, ತೋರುಬೆರಳು ಏಳ್ತೈತಿ, ಕಿರುಬೆರಳೂ ಏಳ್ತೈತಿ. ಉಂಗುರಬೆರಳು ಮಾತ್ರ ಅಂಟಿಕೊಂಡಂಗ ಕುಂತುಬಿಡ್ತೈತಿ! ಯಾಕ?

ಸ್ನಾಯು ಎಲ್ಲಿ ಐತಿ?

ಬೆರಳನ್ನು ಆಡಿಸುವ ಸ್ನಾಯು ಬೆರಳೊಳಗೆ ಇಲ್ಲ. ಅಲ್ಲಿ ಎಲುಬು, ನರ, ರಕ್ತನಾಳ ಮತ್ತು ಹಗ್ಗದಂಥ ಸ್ನಾಯುರಜ್ಜು ಇರುತ್ತವೆ. ಕೆಲವು ಸಣ್ಣ ಸ್ನಾಯುಗಳು ಅಂಗೈಯಲ್ಲಿವೆ. ಉಳಿದವು ಮುಂಗೈಯಲ್ಲಿ, ಅಂದರೆ ಮೊಣಕೈಗೂ ಮಣಿಕಟ್ಟಿಗೂ ನಡುವೆ ಇವೆ. ನಮ್ಮ ಅಮರೇಶ್ವರ ಜಾತ್ರೆಯ ತೇರು ತಾನಾಗಿ ನಡೆಯುವುದಿಲ್ಲ. ಎಳೆಯುವ ಮಂದಿ ಹಗ್ಗದ ಇನ್ನೊಂದು ತುದಿಗೆ ಇರುತ್ತಾರೆ. ಬೆರಳೂ ಹಂಗ.

ಸ್ವಂತ ಸ್ನಾಯು ಯಾರಿಗೆ?

ಮುಂಗೈಯ ಹಿಂಬದಿಯ ಒಂದು ಸ್ನಾಯು ನಾಲ್ಕು ಹಗ್ಗವಾಗಿ, ಹೆಬ್ಬೆರಳು ಬಿಟ್ಟು ನಾಲ್ಕೂ ಬೆರಳುಗಳನ್ನು ಎತ್ತುತ್ತದೆ. ಹೆಬ್ಬೆರಳಿಗೆ ಬೇರೆ ಸ್ನಾಯುಗಳಿವೆ. ತೋರುಬೆರಳಿಗೂ ಕಿರುಬೆರಳಿಗೂ ಎತ್ತಲು ಇನ್ನೊಂದೊಂದು ಸ್ವಂತ ಸ್ನಾಯು ಇದೆ. ಕಿರುಬೆರಳಿನ ಸ್ನಾಯು ತೆಳ್ಳಗಿದೆ, ಹೆಸರು ಮಾತ್ರ ಉದ್ದ: ಎಕ್ಸ್‌ಟೆನ್ಸರ್ ಡಿಜಿಟಿ ಮಿನಿಮೈ. ಲ್ಯಾಟಿನ್ ಭಾಷೆಯಲ್ಲಿ ಕಿರುಬೆರಳನ್ನು ಚಾಚುವಂಥದ್ದು ಎಂದು ಅರ್ಥ. ಇದು ಮೊಣಕೈಯ ಹೊರಬದಿಯ ಎಲುಬಿನ ಉಬ್ಬಿನ ಹತ್ತಿರ ಶುರುವಾಗುತ್ತದೆ. ಮಣಿಕಟ್ಟಿನ ಹಿಂಬದಿಯಲ್ಲಿ ರಜ್ಜುಗಳು ಹಾಯಲು 6 ಓಣಿಗಳಿವೆ. 5ನೆಯ ಓಣಿ ಇದೊಂದಕ್ಕೇ ಮೀಸಲು!

ಉಂಗುರಬೆರಳಿಗೂ ನಡುಬೆರಳಿಗೂ ಇಂಥ ಸ್ವಂತ ಸ್ನಾಯು ಇಲ್ಲ. ಮೇಲಾಗಿ ಉಂಗುರಬೆರಳಿನ ಹಗ್ಗವನ್ನು ಅಕ್ಕಪಕ್ಕದ ಹಗ್ಗಗಳಿಗೆ ಅಡ್ಡಪಟ್ಟಿಗಳು ಕಟ್ಟಿಹಾಕಿವೆ. ನಡುಬೆರಳು ಮಡಚಿದಾಗ ಅದರ ಹಗ್ಗ ಮುಂದಕ್ಕೆ ಸರಿಯುತ್ತದೆ. ಅಡ್ಡಪಟ್ಟಿ ಉಂಗುರಬೆರಳಿನ ಹಗ್ಗವನ್ನೂ ಮುಂದೆಯೇ ಹಿಡಿದುಕೊಳ್ಳುತ್ತದೆ. ಒಂದೇ ನೊಗಕ್ಕೆ ಹೂಡಿದ ಎತ್ತು ಒಂದು ಕೂತರೆ ಇನ್ನೊಂದು ಹ್ಯಾಂಗ ಹೋದೀತು?

ಆದ್ದರಿಂದ ಹಾರ್ಮೋನಿಯಂ, ತಬಲಾ ಕಲಿಯುವವರ ಉಂಗುರಬೆರಳು ತಡವಾದರೆ ಅವರಿಗೆ ಸೋಮಾರಿ ಅನ್ನಬ್ಯಾಡ್ರಿ. ಬೆರಳ ಮೇಲೆ ಹೊಡೆಯಬ್ಯಾಡ್ರಿ. ಹೊಡೆದರೆ ಅಡ್ಡಪಟ್ಟಿ ಬಿಚ್ಚುವುದಿಲ್ಲ.

ಅಭ್ಯಾಸ ಹೇಗೆ?

1. ಎಡಗೈ ಬೆರಳುಗಳನ್ನು ಬಲ ಮುಂಗೈಯ ಮೇಲೆ, ಮೊಣಕೈಗಿಂತ ಸ್ವಲ್ಪ ಕೆಳಗೆ ಇಡಿರಿ. ಬಲಗೈಯ ಕಿರುಬೆರಳು ಮಾತ್ರ ಎತ್ತಿರಿ. ಒಳಗೆ ಅಲುಗಿದ್ದು ತಿಳಿಯುತ್ತದೆ.
2. ಅಂಗೈಯನ್ನು ಬೆಂಚಿನ ಮೇಲೆ ಚಪ್ಪಟೆಯಾಗಿ ಇಟ್ಟು ಒಂದೊಂದೇ ಬೆರಳನ್ನು ನಿಧಾನ ಎತ್ತಿ, ನಿಧಾನ ಇಳಿಸಿರಿ. ಬೆರಳಿಗೆ 5 ಸಲ ಸಾಕು.
3. ಐದೂ ಬೆರಳ ತುದಿಗೆ ರಬ್ಬರ್ ಬ್ಯಾಂಡ್ ಸಡಿಲಾಗಿ ಹಾಕಿ, ಬೆರಳು ಅಗಲಿಸಿರಿ. ಹತ್ತಿ ಬಿಡಿಸುವಾಗ, ಪೆನ್ನು ಹಿಡಿಯುವಾಗ ಮಡಚುವ ಕೆಲಸವೇ ಹೆಚ್ಚು. ಇದು ಬಿಚ್ಚುವ ಕೆಲಸ.
4. ಇನ್ನೊಂದು ಕೈಯಿಂದ ಬೆರಳು ಜಗ್ಗಬ್ಯಾಡ್ರಿ. ನೋವಾದರೆ ಕೂಡಲೇ ನಿಲ್ಲಿಸಿರಿ.

ಅಭ್ಯಾಸದಿಂದ ಹೊಸ ಸ್ನಾಯು ಹುಟ್ಟುವುದಿಲ್ಲ. ಯಾವ ಬೆರಳಿಗೆ ಎಷ್ಟು ಅಪ್ಪಣೆ ಕೊಡಬೇಕೆಂದು ಮೆದುಳು ಕಲಿಯುತ್ತದೆ.

ಇಬ್ಬರು ದೊಡ್ಡವರು

ಜರ್ಮನಿಯ ಸಂಗೀತಗಾರ ರಾಬರ್ಟ್ ಶೂಮನ್ (1810–1856) ಪಿಯಾನೋ ವಾದಕನಾಗಲು ಹೊರಟವರು. ತರುಣರಿದ್ದಾಗಲೇ ಬಲಗೈ ಬೆರಳು ಕೆಟ್ಟು ಆ ಆಸೆ ಬಿಡಬೇಕಾಯಿತು. ಬೆರಳಿಗೆ ಯಂತ್ರ ಕಟ್ಟಿ ಅಭ್ಯಾಸ ಮಾಡಿದ್ದೇ ಕಾರಣವೆಂದು ಹಲವರು ಹೇಳುತ್ತಾರೆ, ಬೇರೆ ಕಾರಣ ಹೇಳುವವರೂ ಇದ್ದಾರೆ. ಆಮೇಲೆ ಅವರು ಸಂಗೀತ ರಚಿಸಿ ಹೆಸರಾದರು.

ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥ (1932–2024) ಮೊದಲು ಹಾಡುಗಾರಿಕೆ ಕಲಿತರು. ದೊಡ್ಡವರಾದ ಮೇಲೆ ಅಲಿ ಅಕ್ಬರ್ ಖಾನರ ಹತ್ತಿರ ಸರೋದ್ ಕಲಿತು ಪ್ರಸಿದ್ಧರಾದರು. ಬೆರಳಿಗೆ ಕಲಿಯುವ ವಯಸ್ಸು ಮುಗಿಯುವುದಿಲ್ಲ, ಆದರೆ ಅವಸರ ಅದಕ್ಕೆ ಆಗುವುದಿಲ್ಲ.

ಉತ್ತರ ಹೇಳಿರಿ: ನಡುಬೆರಳು ಮಡಚದೆ ಇದ್ದರೆ ಉಂಗುರಬೆರಳು ಸ್ವಲ್ಪವಾದರೂ ಯಾಕ ಏಳ್ತೈತಿ?

— 7ನೇ ತರಗತಿ ವಿದ್ಯಾರ್ಥಿನಿ, ಗುರುಗುಂಟಾ