ಚೈತ್ರದ ಹಿತ್ತಲಿಗೆ ಮೊದಲು ಹೊದಿಕೆ, ಆಮೇಲೆ ನೀರು

ಯುಗಾದಿಗೆ ಹೊಂಗೆ, ಬೇವು ಯಾರ ಹಂಗೂ ಇಲ್ಲದೆ ಚಿಗುರುತ್ತವೆ. ಅದೇ ಹೊತ್ತಿಗೆ ಮನೆಯ ಹಿತ್ತಲು ಬಾಡತೊಡಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಕೆ.ಆರ್. ನಗರದ ಗದ್ದೆ ಬಯಲಿನ ಜಿಗಟು ಮಣ್ಣು ಒಣಗಿ ಬಿರುಕು ಬಿಡುತ್ತದೆ. ಈಗ ನರ್ಸರಿಯಿಂದ ಹೊಸ ಸಸಿ ತರಬೇಡಿ. ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುವವರೆಗೆ ಇರುವ ಗಿಡಗಳನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ.

ಮೊದಲು ಬುಡದ ಮಣ್ಣನ್ನು ಬೇರಿಗೆ ತಾಗದಂತೆ ಕುರ್ಚಿಗೆಯಲ್ಲಿ ಮೇಲೆ ಮೇಲೆ ಸಡಿಲಿಸಿ. ಸಂಜೆ ಒಮ್ಮೆ ಚೆನ್ನಾಗಿ ನೀರುಣಿಸಿ, ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹೊದಿಕೆ ಹಾಕಿ. ರಾಗಿ ಹುಲ್ಲು ದನಕ್ಕಿರಲಿ. ತರಗೆಲೆ, ತೆಂಗಿನ ನಾರು, ಗದ್ದೆಯಲ್ಲಿ ಸುಮ್ಮನೆ ಸುಟ್ಟುಹಾಕುವ ಕಬ್ಬಿನ ತರಗು ಸಾಕು. ಕಾಂಡದಿಂದ ಗೇಣಗಲ ಜಾಗ ಬಿಡಿ. ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ, ಬುಡ ಕೊಳೆಯುತ್ತದೆ. ಇದೊಂದನ್ನು ಮಾಡಿದರೂ ಅರ್ಧ ಗೆದ್ದಂತೆ.

ಇನ್ನು ನೀರು. ಬಣ್ಣ ಬಳಿಯದ ಐದಾರು ಲೀಟರಿನ ಮಣ್ಣಿನ ಮಡಕೆಯನ್ನು ಗಿಡದಿಂದ ಒಂದಡಿ ದೂರದಲ್ಲಿ ಕುತ್ತಿಗೆವರೆಗೆ ಹೂತು, ನೀರು ತುಂಬಿ ಮುಚ್ಚಳ ಹಾಕಿ. ಮಡಕೆ ಜಿನುಗಿದಷ್ಟನ್ನು ಬೇರು ಹೀರಿಕೊಳ್ಳುತ್ತದೆ. ಬಿಸಿಲಿಗೆ ಆರಿಹೋಗುವುದು ಬಹಳ ಕಡಿಮೆ. ಮುಚ್ಚಳ ಮರೆತರೆ ಸೊಳ್ಳೆ ಮರಿ ಮಾಡುತ್ತದೆ. ನೀರು ಇಳಿದಂತೆ ಮತ್ತೆ ತುಂಬಿಸಿ. ಪಾತ್ರೆ, ತರಕಾರಿ ತೊಳೆದ ನೀರನ್ನು ದಾಸವಾಳ, ಕನಕಾಂಬರಕ್ಕೆ ತಿರುಗಿಸಬಹುದು. ಬಟ್ಟೆ ಸೋಪಿನ ನೀರು ಸೊಪ್ಪಿನ ಮಡಿಗೆ ಬೇಡವೇ ಬೇಡ.

ಗಿಡಗಳನ್ನು ಬಾಯಾರಿಕೆಯ ಪ್ರಕಾರ ಗುಂಪು ಮಾಡಿಕೊಳ್ಳಿ. ಬಸಳೆ, ದಂಟು, ಮಲ್ಲಿಗೆ ಬಚ್ಚಲ ಹತ್ತಿರ ಇರಲಿ. ಕರಿಬೇವು, ನುಗ್ಗೆ, ಸೀತಾಫಲ, ದಾಳಿಂಬೆ, ನೆಲ್ಲಿ, ಲೋಳೆಸರ, ಮಂಗರವಳ್ಳಿ, ದೇವಕಣಗಿಲೆ, ಕಾಗದದ ಹೂವು ಬೇಲಿಯ ಕಡೆ ಇರಲಿ. ಬೇರು ಬಿಟ್ಟ ಕಾಗದದ ಹೂವಿಗೆ ನೀರು ಹೆಚ್ಚಾದರೆ ಎಲೆಯೇ ಬರುತ್ತದೆ, ಹೂವಲ್ಲ. ದೇವಕಣಗಿಲೆಯಲ್ಲದ ಬರೀ ಕಣಗಿಲೆಯೂ ಎಂಥ ಬರಕ್ಕೂ ಜಗ್ಗದು, ಆದರೆ ಗಿಡವೆಲ್ಲ ವಿಷ. ಮಕ್ಕಳು, ಕರು ಇರುವ ಮನೆಗೆ ನಾನಂತೂ ಹೇಳುವುದಿಲ್ಲ.

ನಮ್ಮ ಕಡೆಗೇ ಸೇರಿದ ಎರಡು ಎಚ್ಚರಿಕೆಗಳಿವೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಬೇಸಿಗೆಯೆಂದರೆ ಹೊಗೆಸೊಪ್ಪಿನ ಸಸಿಮಡಿಯ ಕಾಲ. ಟೊಮೆಟೊ, ಮೆಣಸಿನಕಾಯಿ ಅದೇ ಕುಲದವು. ಎಲೆಯಲ್ಲಿ ಹಸಿರು, ಹಳದಿ ಮಚ್ಚೆ ಮೂಡಿಸುವ ಮೊಸಾಯಿಕ್ ನಂಜುರೋಗ ಕೈಯಿಂದ ಕೈಗೆ, ಗಿಡದಿಂದ ಗಿಡಕ್ಕೆ ಹರಡುತ್ತದೆ. ಮಡಿಯಿಂದ ಬಂದವರು ಸೋಪು ಹಾಕಿ ಕೈ ತೊಳೆದೇ ಹಿತ್ತಲಿಗೆ ಇಳಿಯಬೇಕು. ಬೀಡಿ ಸೇದಿದ ಕೈಯೂ ಅಷ್ಟೇ. ಇನ್ನು ಎಚ್.ಡಿ. ಕೋಟೆಯ ಕಾಡಂಚಿನ ಊರುಗಳು: ಬೇಸಿಗೆಯಲ್ಲಿ ಆನೆಗಳು ಕಬಿನಿ ಹಿನ್ನೀರಿನ ಸುತ್ತ ಸೇರುತ್ತವೆ. ಅಲ್ಲಿ ಗೋಡೆಗೆ ಅಂಟಿಕೊಂಡಂತೆ ಬಾಳೆ, ಹಲಸು ಬೆಳೆಸುವುದು ಜೀವಕ್ಕೇ ಅಪಾಯ.

ಭರಣಿ ಹನಿದ ಮೇಲೆ ನುಗ್ಗೆಯಿಂದ ಶುರುಮಾಡಿ. ಕಾಯಿ ಮುಗಿದ ಮರದಿಂದ ಮಣಿಕಟ್ಟು ದಪ್ಪದ, ನಾಲ್ಕಡಿ ಉದ್ದದ ಕೊಂಬೆ ಕಡಿದು ಎರಡು ದಿನ ನೆರಳಲ್ಲಿಡಿ. ಒಂದೂವರೆ ಅಡಿ ಹೂತು, ಮೇಲಿನ ಕಡಿತಕ್ಕೆ ಸಗಣಿ ಮೆತ್ತಿ. ಬೀಜದಿಂದ ಬೆಳೆಸುವವರಿಗೆ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಇದೆ. ಗುಂಡಿಯಲ್ಲಿ ನೀರು ನಿಲ್ಲಬಾರದು, ಕೆ.ಆರ್. ನಗರದ ಜಿಗಟು ಮಣ್ಣಿನವರು ದಿಬ್ಬ ಏರಿಸಿ ನೆಡಿ. ಗೋರಿಕಾಯಿ, ಅಲಸಂದೆ ಬೀಜವನ್ನೂ ಅದೇ ಹದದಲ್ಲಿ ಊರಬಹುದು.