ಬಳ್ಳಾರಿ ಜಾಲಿಯಲ್ಲೊಂದು ಪೆನ್ನು

ಭರಮಸಾಗರದ ಸುತ್ತಿನ ಬೀಳು ಹೊಲಗಳಲ್ಲಿ ಬಳ್ಳಾರಿ ಜಾಲಿ ಕಡಿದು ಸೌದೆಗೆ ಒಟ್ಟಿದ್ದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮುಳ್ಳಿನ ಗಿಡವೆಂದು ನಾವು ಒಲೆಗೆ ಹಾಕುವ ಈ ಮರದ ಚೇಗು ಗಟ್ಟಿ, ಕೆಂಪು ಮಿಶ್ರಿತ ಕಂದು ಬಣ್ಣ, ಒಣಗುವಾಗ ಕುಗ್ಗುವುದು ಬಹಳ ಕಡಿಮೆ. ಮನೆಯಲ್ಲೇ ಪೆನ್ನು ಕಡೆಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮರ ನಮ್ಮ ಸೀಮೆಯಲ್ಲಿ ಹುಡುಕಬೇಕಿಲ್ಲ. ಹುಣಸೆ, ಬೇವು ಆಮೇಲೆ. ಸ್ವಂತ ಹೊಲದ್ದೋ ಸೌದೆ ಡಿಪೋದ್ದೋ ಆಗಿರಲಿ. ಜೋಗಿಮಟ್ಟಿಯಂಥ ಕಾಡಿನ ಕೊಂಬೆಗೆ ಕೈ ಹಾಕಬೇಡಿ.

ತೋಳು ದಪ್ಪದ ಕೊಂಬೆಯನ್ನು ಸೀಳಿ, ಹೊರಗಿನ ಬಿಳಿ ಭಾಗ ತೆಗೆದು, ಮುಕ್ಕಾಲು ಇಂಚು ಚೌಕದ, 15 ಸೆಂಟಿಮೀಟರ್ ಉದ್ದದ ತುಂಡು ಮಾಡಿಕೊಳ್ಳಿ. ಎರಡೂ ತುದಿಗೆ ಮೇಣ ಬಳಿದು ನೆರಳಲ್ಲಿಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಮರದ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ತೂಕ ಇಳಿಯುವುದು ನಿಂತಿತೆಂದರೆ ಮರ ಒಣಗಿತು. ಮೂರು ತಿಂಗಳಾಗಬಹುದು, ನಾಲ್ಕಾಗಬಹುದು. ನನ್ನ ಮೊದಲ ಪೆನ್ನಿಗೆ ನಾನು ಇಷ್ಟು ಕಾಯಲಿಲ್ಲ. ಒಳಗಿನ ಹಿತ್ತಾಳೆ ಕೊಳವೆ ಕುಗ್ಗುವುದಿಲ್ಲ, ಹಸಿ ಮರ ಕುಗ್ಗುತ್ತದೆ. ಬೇಸಿಗೆ ಬರುವಷ್ಟರಲ್ಲಿ ಪೆನ್ನು ಉದ್ದಕ್ಕೂ ಬಿರುಕು ಬಿಟ್ಟಿತ್ತು.

ಬೇಕಾದ ಸಾಮಾನು: ಅರ್ಧ ಎಚ್‌ಪಿ ಮೋಟಾರಿನ ಸಣ್ಣ ಲೇಥ್ (ಮನೆಯ ಸಿಂಗಲ್ ಫೇಸ್ ಸಾಕು), ಪೆನ್ನಿನ ತುಂಡು ಪೋಣಿಸುವ ಸರಳು, ಅದರ ಬುಷ್‌ಗಳು, 7 ಮಿ.ಮೀ. ಡ್ರಿಲ್ ಬಿಟ್, ವೈಸ್, ದುಂಡುಬಾಯಿಯದೊಂದು ಓರೆಬಾಯಿಯದೊಂದು ಉಳಿ, ಮತ್ತು ‘ಸ್ಲಿಮ್‌ಲೈನ್’ ಪೆನ್ ಕಿಟ್. ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಲೇಥ್ ಕೊಳ್ಳುವ ಮುಂಚೆ ಮಂಚದ ಕಾಲು ಕಡೆಯುವ ಬಡಗಿಯ ಹತ್ತಿರ ನಾಲ್ಕು ದಿನ ನಿಂತು ನೋಡಿ. ಮಜ್ಜಿಗೆಗೂ ಮರಕ್ಕೂ ಕನ್ನಡದಲ್ಲಿ ಒಂದೇ ಮಾತು, ಕಡೆಯುವುದು. ಎರಡರಲ್ಲೂ ಕೈಯ ಹದ ನೋಡಿಯೇ ಬರಬೇಕು.

ಒಣಗಿದ ತುಂಡನ್ನು ಎರಡು ಮಾಡಿ. ಒಂದೊಂದೂ ಕಿಟ್‌ನ ಕೊಳವೆಗಿಂತ ಸ್ವಲ್ಪ ಉದ್ದವಿರಲಿ. ಯಾವ ತುದಿಗಳು ಜೋಡಿಯೆಂದು ಗುರುತು ಹಾಕಿಕೊಂಡರೆ ಮರದ ಎಳೆ ಪೆನ್ನಿನಲ್ಲಿ ತಪ್ಪದೆ ಮುಂದುವರಿಯುತ್ತದೆ. ವೈಸ್‌ನಲ್ಲಿ ನೆಟ್ಟಗೆ ಹಿಡಿಸಿ ತೂತು ಕೊರೆಯುವಾಗ ಬಿಟ್ಟನ್ನು ಆಗಾಗ ಹೊರಗೆಳೆದು ಹೊಟ್ಟು ತೆಗೆಯಿರಿ. ಹಾಗೆ ಮಾಡದಿದ್ದರೆ ಕಾವಿಗೆ ಮರ ಸೀಳುತ್ತದೆ. ಕೊಳವೆಯ ಮೈಯನ್ನು ಉಪ್ಪುಕಾಗದದಿಂದ ಒರಟು ಮಾಡಿ, ಬಾಯಿಗೆ ಮೇಣ ತುಂಬಿ, ಅರಾಲ್ಡೈಟ್ ಹಚ್ಚಿ ತಿರುಗಿಸುತ್ತಾ ಒಳಗೆ ತಳ್ಳಿ. ಒಂದು ರಾತ್ರಿ ಬಿಡಿ. ಮಾರನೆಯ ದಿನ ಮೇಣ ಕೆರೆದು, ಮರದ ತುದಿಗಳನ್ನು ಕೊಳವೆಯ ಮಟ್ಟಕ್ಕೆ ಚೌಕವಾಗಿ ತೇಯಿರಿ. ಇಲ್ಲಿ ಓರೆಯಾದರೆ ಕೊನೆಯ ಜೋಡಣೆಯಲ್ಲಿ ಸಂದು ಉಳಿದೇ ಉಳಿಯುತ್ತದೆ.

ತುಂಡುಗಳನ್ನು ಬುಷ್‌ಗಳ ನಡುವೆ ಸರಳಿಗೆ ಪೋಣಿಸಿ ಲೇಥ್‌ಗೆ ಏರಿಸಿ. ಕಡೆಯುವ ಮುಂಚೆ ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಪಂಚೆಯ ಚುಂಗು, ಸೆರಗು, ಉದ್ದ ತೋಳು ಲೇಥ್ ಹತ್ತಿರ ಸುಳಿಯಬಾರದು. ಉಳಿಯ ಬಾಯಿ ಹರಿತವಿದ್ದರೆ ಮರ ಎಳೆಎಳೆಯಾಗಿ ಸುರುಳಿ ಬಿಡುತ್ತದೆ. ಪುಡಿ ಉದುರತೊಡಗಿದರೆ ನಿಲ್ಲಿಸಿ, ಸಾಣೆ ಹಿಡಿಯಿರಿ. ಬುಷ್‌ನ ಮಟ್ಟಕ್ಕೆ ಕೂದಲೆಳೆಯಷ್ಟು ಮುಂಚೆಯೇ ಉಳಿ ಇಳಿಸಿ, ಉಳಿದದ್ದನ್ನು 150ರಿಂದ 600ರವರೆಗಿನ ಉಪ್ಪುಕಾಗದಕ್ಕೆ ಬಿಡಿ.

ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಅವರ ಹಾಲೆಮರ ಬಿಳುಪು, ಅದಕ್ಕೆ ಬಣ್ಣ ಒಪ್ಪುತ್ತದೆ. ಜಾಲಿಗೆ ತನ್ನದೇ ಬಣ್ಣವಿರುವಾಗ ಸ್ಪಿರಿಟ್‌ನಲ್ಲಿ ಕರಗಿಸಿದ ತಿಳಿ ಅರಗೇ ಸರಿ. ಹಚ್ಚಲು ಬಟ್ಟೆ ಬೇಡ, ಟಿಶ್ಯೂ ಕಾಗದ ಬಳಸಿ. ಸಿಕ್ಕಿಕೊಂಡರೆ ಹರಿದುಹೋಗುತ್ತದೆ, ಬೆರಳನ್ನು ಎಳೆದುಕೊಳ್ಳುವುದಿಲ್ಲ.

ಜೋಡಣೆಗೆ ವೈಸೇ ಸಾಕು, ದವಡೆಗೆ ಮರದ ಹಲಗೆ ಕೊಡಿ. ಕೆಳಭಾಗಕ್ಕೆ ಮೊನೆ ಒತ್ತಿ, ಇನ್ನೊಂದು ತುದಿಗೆ ತಿರುಗಿಸುವ ಯಂತ್ರವನ್ನು ಸ್ವಲ್ಪಸ್ವಲ್ಪವೇ ಇಳಿಸಿ, ಪ್ರತಿಸಲ ರೀಫಿಲ್ ಹಾಕಿ ನೋಡಿ. ಹೆಚ್ಚು ಇಳಿದರೆ ರೀಫಿಲ್ ಒಳಗೆ ಸರಿಯದೆ ಮೊನೆಯಾಚೆ ಇಣುಕುತ್ತಲೇ ಇರುತ್ತದೆ, ಹಿಂದಕ್ಕೆ ತೆಗೆಯುವುದು ಕಷ್ಟ. ನಡುವಿನ ಉಂಗುರ ತೊಡಿಸಿ, ಮೇಲ್ಭಾಗಕ್ಕೆ ಕ್ಲಿಪ್ಪು ಒತ್ತಿ, ಮೊದಲೇ ಗುರುತು ಮಾಡಿದ ಎಳೆ ಕೂಡುವಂತೆ ಎರಡನ್ನೂ ಸೇರಿಸಿ. ರೀಫಿಲ್ ಮುಗಿದಾಗ ಮೇಲ್ಭಾಗ ಎಳೆದು, ಹಳೆಯದನ್ನು ತಿರುಚಿ ತೆಗೆದು, ಹೊಸದು ಹಾಕಿದರಾಯಿತು.